ಮಹಾದೇವಸ್ವಾಮಿಯವರ ಕೋಳಿ ಕಾವಲು

ದೇವನೂರಿನ ಬಸ್ಸಿನಿಂದ ದೊಡ್ಡಮ್ಮ ನಂಜನಗೂಡಿನಲ್ಲಿ ಇಳಿದಾಗ ಅವಳ ಕಂಕುಳಲ್ಲಿ ಒಂದು ಹುಂಜ ಇತ್ತು. ಅವಳ ಹಿಂದೆಯೇ ಕಂಡಕ್ಟರ್ ಒಂದು ಮಕ್ಕರಿ ಹೊತ್ತು ಇಳಿದ. ಮಕ್ಕರಿಯ ಬಾಯಿಗೆ ಹಳೇ ಸೀರೆ ಬಿಗಿದಿತ್ತು. ಒಳಗಿದ್ದ ನಾಲ್ಕು ಹೇಂಟೆಗಳು ಊರು ಬಿಟ್ಟಾಗಿನಿಂದ ಒಂದೇ ಸಮನೆ ಬೊಬ್ಬೆ ಹಾಕಿಕೊಂಡು ಬಂದಿದ್ದವು. ಕಂಡಕ್ಟರನಿಗೆ ಅವುಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ಇಳಿದು ಹೋದರೆ ಸಾಕಾಗಿತ್ತು.

"ಪ್ಯಾಟೆ ಮೊಟ್ಟೆ ತಿಂದು ತಿಂದು ನಿನ್ ಮೊಕ ಸುಣ್ಣ ಬಳ್ದಂಗಾಗದೆ ಕಣವ್ವ. ಇವ್ನ ಮಡಿಕೊ," ಎಂದು ಅವಳು ತಂಗಿಯ ಮಗಳು ಇಂದ್ರಾಣಿಗೆ ಮಕ್ಕರಿ ಒಪ್ಪಿಸಿ, ಕಾಫಿ ಕುಡಿದು, ಮುಂದಿನ ಬಸ್ಸಿಗೇ ಹೊರಟುಹೋದಳು.

ಇಂದ್ರಾಣಿ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆ. ಗಂಡ ಜಗನ್ ಊರಾಚೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು. ಹೊಸ ಬಡಾವಣೆಯಲ್ಲಿ ಇಬ್ಬರೂ ಸಾಲ ಮಾಡಿ ಕಟ್ಟಿಸಿದ್ದ ಮನೆಯ ಹಿಂದೆ ಒಂದಿಷ್ಟು ಖಾಲಿ ಜಾಗವಿತ್ತು. ಜಗನ್ ಅಲ್ಲಿ ಉಳಿದಿದ್ದ ಸಿಮೆಂಟ್ ಶೀಟು, ತಂತಿ ಜಾಲರಿ ಸೇರಿಸಿ ಗೂಡು ಕಟ್ಟಿದ. ಚೆನ್ನಾಗಿಯೇ ಕಟ್ಟಿದ್ದ. ಆದರೆ ದೇವನೂರಿನಲ್ಲಿ ತಿಪ್ಪೆ, ಬೇಲಿ, ಹೊಲ ಎಂದು ಅಲೆದು ಬೆಳೆದ ಕೋಳಿಗಳಿಗೆ ಅದು ಜೈಲಿನ ಹಾಗೆ ಕಂಡಿರಬೇಕು. ಬೆಳಗಾಗುತ್ತಲೇ ಜಾಲರಿಗೆ ಎದೆಕೊಟ್ಟು ನಿಂತು, ಯಾರೋ ಕುತ್ತಿಗೆ ಹಿಸುಕುತ್ತಿದ್ದಾರೆ ಎನ್ನುವಂತೆ ಕಿರುಚುತ್ತಿದ್ದವು. ಈ ಗಲಾಟೆಗೆ ನಾಯಕಿ, ಹುರಳಿಕಾಳಿನ ಬಣ್ಣದ ಒಂದು ಗುಜ್ಜು ಹೇಂಟೆ. ಇಂದ್ರಾಣಿ ಅದನ್ನು ಹುರಳಿ ಎಂದೇ ಕರೆಯತೊಡಗಿದಳು.

ಪಕ್ಕದ ಮನೆಯ ಮಹಾದೇವಸ್ವಾಮಿ ಮೂರು ದಿನ ತಡೆದುಕೊಂಡರು. ನಾಲ್ಕನೆಯ ದಿನ ವಿಭೂತಿ ಹಚ್ಚಿಕೊಂಡು, ಶರ್ಟಿನ ಗುಂಡಿ ಹಾಕಿಕೊಂಡು ಗೇಟಿನ ಮುಂದೆ ಬಂದು ನಿಂತರು.

"ನೋಡಮ್ಮ ಇಂದ್ರಾಣಿ, ನಾನು ಜಗಳಕ್ಕೆ ಬಂದೋನಲ್ಲ. ಕಳಲೇಲಿ ಹಾಲಿನ ಸೊಸೈಟಿ ನಡೆಸಿದೋನು. ಊರ ದನಾನೆಲ್ಲ ನೋಡಿದೀನಿ. ಒಂದು ದನಾನೂ ಹಿಂಗೆ ಅರಚಿಲ್ಲ."

"ಹಳ್ಳಿ ಕೋಳಿಗಳು ಸಾರ್. ಕೂಡಿಹಾಕಿದ್ರೆ ಸುಮ್ಮನಿರಲ್ಲ."

"ಹಂಗಾದ್ರೆ ಬಿಟ್ಟುಬಿಡಮ್ಮ ಅತ್ಲಾಗೆ."

ಇಂದ್ರಾಣಿ ಬಿಟ್ಟಳು. ಗೂಡಿನ ಬಾಗಿಲು ತೆಗೆದದ್ದೇ ತಡ, ಬೀದಿ ತಣ್ಣಗಾಯಿತು. ಹುರಳಿ ಬಟ್ಟೆ ಒಗೆಯುವ ಕಲ್ಲು ಹತ್ತಿ, ಅಲ್ಲಿಂದ ನೀರಿನ ಡ್ರಮ್ಮು ಹತ್ತಿ, ಕಾಂಪೌಂಡ್ ಗೋಡೆ ಹತ್ತಿ, ಆ ಕಡೆ ನೋಡಿದಳು. ಆ ಕಡೆ ಮಹಾದೇವಸ್ವಾಮಿಯವರ ಕೊತ್ತಂಬರಿ ಮಡಿ ಹಸಿರಾಗಿ, ಮೆತ್ತಗೆ, ಆಗತಾನೆ ನೀರು ಕುಡಿದು ಮಲಗಿತ್ತು. ಸಂಜೆಯ ಹೊತ್ತಿಗೆ ಅಲ್ಲಿ ಕೊತ್ತಂಬರಿ ಇರಲಿಲ್ಲ. ನಾಲ್ಕು ಗುಂಡಿಗಳಿದ್ದವು, ಒಂದೊಂದರಲ್ಲೂ ಒಂದೊಂದು ಕೋಳಿ ಕಣ್ಣು ಮುಚ್ಚಿ ಮಣ್ಣು ಎರಚಿಕೊಳ್ಳುತ್ತಿತ್ತು.

"ನೀವೇ ಅತ್ಲಾಗೆ ಬಿಡು ಅಂದ್ರಲ್ಲ ಸಾರ್!" ಎಂದಳು ಇಂದ್ರಾಣಿ.

"ಅತ್ಲಾಗೆ ಅಂದೆ. ಇತ್ಲಾಗೆ ಅಂದ್ನಾ?" ಎಂದರು ಮಹಾದೇವಸ್ವಾಮಿ. "ಕೇಳಿಸ್ಕೊಮ್ಮ. ನಮ್ಮದು ಮಡಿ ಮನೆ. ನಮ್ಮ ಹೊಸಿಲು ದಾಟಿ ಒಂದು ಪುಕ್ಕ ಒಳಗೆ ಬಂದ್ರೂ ನಾನು ಸುಮ್ಮನಿರೋನಲ್ಲ, ಹೇಳಿದೀನಿ."

ಅವರ ಹೆಂಡತಿ ಗುರುಸಿದ್ದಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಆಮೇಲಿನ ದಿನಗಳು ಇಂದ್ರಾಣಿಗೆ ದೊಡ್ಡ ಪೇಚಿನವು. ಕೂಡಿಹಾಕಿದರೆ ಸ್ವಾಮಿಯವರ ಕಿವಿ ಹೋಗುತ್ತಿತ್ತು, ಬಿಟ್ಟರೆ ಮಡಿ ಹೋಗುತ್ತಿತ್ತು. ರೆಕ್ಕೆ ಕತ್ತರಿಸಿದಳು. ಹುರಳಿಗೆ ಹಾರುವ ಅಗತ್ಯವೇ ಇರಲಿಲ್ಲ, ಅವಳು ಹತ್ತುವವಳು. ಡ್ರಮ್ಮು ಸರಿಸಿದಳು. ಜಗನ್ ಬೈಕ್ ತಂದು ಅದೇ ಜಾಗದಲ್ಲಿ ನಿಲ್ಲಿಸಿದ, ಹುರಳಿ ಅದರ ಸೀಟು ಹತ್ತಿದಳು.

"ಭಾನುವಾರಕ್ಕೊಂದು ಅಂತ ಸಾರು ಮಾಡಿದ್ರೆ ತಿಂಗಳೊಪ್ಪತ್ತಲ್ಲಿ ಬೀದೀಲಿ ಶಾಂತಿ," ಎಂದ ಜಗನ್.

"ದೊಡ್ಡಮ್ಮಂಗೆ ನೀನೇ ಹೇಳು."

ಅದಕ್ಕೆ ಅವನಿಗೆ ಧೈರ್ಯವಿರಲಿಲ್ಲ. ದೊಡ್ಡಮ್ಮ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಕೋಳಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದಳು. "ಪೋನ್ನ ಗೂಡ್ ತವ ಇಡು," ಎನ್ನುವಳು. ಇಂದ್ರಾಣಿ ಇಟ್ಟರೆ ಸ್ವಲ್ಪ ಹೊತ್ತು ಆಲಿಸಿ, "ಅಳ್ತಾ ಅವೆ ಕಣವ್ವ. ಕ್ವಾಳಿ ಅಂದ್ಮೇಲೆ ಕೆದರ್ಬೇಕು. ಬುಡು ಅವ್ನ," ಎಂದು ತೀರ್ಪು ಕೊಡುವಳು.

ಕೊನೆಗೆ ದಾರಿ ತೋರಿಸಿದವರು ಮಹಾದೇವಸ್ವಾಮಿಯೇ. ಮಡಿಗೆ ಎರಡನೆಯ ಸಲ ಬೀಜ ಹಾಕಿ, ಮತ್ತೆ ಮಣ್ಣಾದದ್ದನ್ನು ನೋಡಿ ಬಂದ ದಿನ ಅವರು ಹೇಳಿದರು: "ನೀವಿಬ್ರೂ ಕೆಲಸಕ್ಕೆ ಹೋಗ್ತೀರ. ನಾನು ಮನೇಲಿರ್ತೀನಿ. ಮಧ್ಯಾಹ್ನದ ಮೇಲೆ ನಾನೇ ಬಿಡ್ತೀನಿ, ಕತ್ತಲಾಗೋ ಹೊತ್ಗೆ ಒಳಗೆ ಸೇರಿಸ್ತೀನಿ. ನನ್ನ ಕೊತ್ತಂಬರಿ ನಾನು ಕಾಯದೆ ಇನ್ಯಾರು ಕಾಯ್ತಾರೆ? ಆದ್ರೆ ನಾನು ಮುಟ್ಟೋದಿಲ್ಲ."

ಮುಟ್ಟಬೇಕಾಗಿಯೂ ಬರಲಿಲ್ಲ. ಅವರು ಬೀದಿಯಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕೊಡೆ ಹಿಡಿದು ಕೂರುತ್ತಿದ್ದರು. ಕೋಳಿ ಗೋಡೆಯ ಕಡೆ ಹೊರಟರೆ ಕೊಡೆಯನ್ನು ಫಟ್ಟನೆ ಬಿಚ್ಚುವರು. ಕೋಳಿಗಳು ಎದುರಿನ ಖಾಲಿ ಸೈಟಿನೊಳಕ್ಕೆ ಓಡುವವು. ದಾರಿಹೋಕರು, "ಏನ್ ಸ್ವಾಮ್ಯಾರೆ, ಹೊಸ ಕಾಯಕ ಜೋರಾ?" ಎಂದು ಕೇಳಿದರೆ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಹದಿನೈದು ದಿನ ಕಳೆಯುವುದರೊಳಗೆ, ಸಂಜೆ ಇಂದ್ರಾಣಿ ಬಂದೊಡನೆ ಗೇಟಿನಲ್ಲೇ ವರದಿ ಒಪ್ಪಿಸತೊಡಗಿದರು.

"ಆ ಕರಿಯವಳಿಗೆ ಸ್ವಂತ ಬುದ್ಧಿ ಇಲ್ಲಮ್ಮ. ಹುರಳಿ ಹೋದ ಕಡೆ ಹೋಗ್ತಾಳೆ. ಹುಂಜನಂತೂ ಬರೀ ಬಾಯಿ. ಇವತ್ತು ನಾಯಿ ಬಂತು, ಮೊದಲು ಓಡಿದೋನೇ ಅವನು."

ಇಂದ್ರಾಣಿಗೆ ನೆಮ್ಮದಿಯಾಯಿತು. ಮೊಟ್ಟೆ ಮಾತ್ರ ಯಾಕೋ ಕಮ್ಮಿಯಾಗಿತ್ತು. ಅಲೆದಾಟ ಜಾಸ್ತಿಯಾಯಿತೇನೋ ಎಂದುಕೊಂಡಳು.

ಒಂದು ಶನಿವಾರ ಗಂಡ ಹೆಂಡತಿ ಇಬ್ಬರೂ ನೆಂಟರ ಮನೆಯ ನಾಮಕರಣಕ್ಕೆಂದು ದೇವನೂರಿಗೆ ಹೋದರು. ಕೋಳಿಗಳ ಪೂರ್ತಿ ಜವಾಬ್ದಾರಿ ಮಹಾದೇವಸ್ವಾಮಿಯವರದು. ಅವತ್ತೇ ಅವರಿಗೆ ಕುರ್ಚಿಯಲ್ಲಿ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಹುಂಜ ಇತ್ತು, ಮೂರು ಹೇಂಟೆಗಳಿದ್ದವು. ಹುರಳಿ ಇರಲಿಲ್ಲ.

ಖಾಲಿ ಸೈಟು ಹುಡುಕಿದರು. ಚರಂಡಿ ಇಣುಕಿದರು. ಹಸು ಕರೆಯುವ ಹಾಗೆ "ಬಾ... ಬಾ..." ಎಂದು ಮೂರು ಬೀದಿ ಸುತ್ತಿದರು. ಮನೆಗೆ ಬಂದು ಊಟಕ್ಕೆ ಕೂತರೂ ಕಣ್ಣು ಬೀದಿಯ ಕಡೆಗೇ ಇತ್ತು.

"ಎಲ್ಲೋ ಇರುತ್ತೆ ಬಿಡಿ," ಎಂದರು ಗುರುಸಿದ್ದಮ್ಮ, ಸಾರು ಬಡಿಸುತ್ತ.

"ನಿಂಗೇನು ಗೊತ್ತು? ನಂಬಿ ಒಪ್ಪಿಸಿ ಹೋಗವ್ರೆ. ಯಾರೋ ಹಿಡ್ಕೊಂಡು ಹೋಗಿ ಅಂಗಡಿಗೆ ಮಾರಿರ್ತಾರೆ."

ಹಾಗೆ ಹೇಳಿದ ಮೇಲೆ ಆ ಮಾತು ಅವರ ತಲೆಯಿಂದ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು, ಹುಟ್ಟಿದಾಗಿನಿಂದ ಹತ್ತಿರವೂ ಸುಳಿಯದ ಜಾಗಕ್ಕೆ ಹೋದರು. ಅದು ಚಾಮಯ್ಯನ ಚಿಕನ್ ಅಂಗಡಿ. ಭಾನುವಾರವಾದ್ದರಿಂದ ಜನ ಸಾಲು ನಿಂತಿದ್ದರು. ಸ್ವಾಮಿಯವರೂ ಸಾಲಿನಲ್ಲಿ ನಿಂತರು.

"ಏನ್ ಕೊಡ್ಲಿ ಸಾ? ಫಾರಮ್ಮಾ, ನಾಟಿಯಾ?" ಎಂದು ಕೇಳಿದ ಚಾಮಯ್ಯ.

"ನಾಟಿ," ಎಂದರು ಸ್ವಾಮಿಯವರು ತಗ್ಗಿದ ದನಿಯಲ್ಲಿ. "ಜೀವಂತ ಇರೋದು. ಸ್ವಲ್ಪ ನೋಡ್ಬೇಕಿತ್ತು."

"ನೋಡಿ ಸಾ, ನೋಡಿ. ನೋಡಕ್ಕೇನು ಕಾಸಿಲ್ಲ."

ಸ್ವಾಮಿಯವರು ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕೋಳಿಯ ಮುಖ ನೋಡಿದರು. ಕೆಂಪಿದ್ದವು, ಕಪ್ಪಿದ್ದವು, ಹುರಳಿ ಬಣ್ಣದ್ದು ಒಂದೂ ಇರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಒಂದು ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ಹಾಕಿಕೊಂಡೇ ಒಬ್ಬರು ಇಳಿದರು, ಕೈಯಲ್ಲಿ ಬಟ್ಟೆ ಚೀಲ.

"ಬನ್ನಿ ಸಾ, ಬನ್ನಿ," ಎಂದು ಕೂಗಿದ ಚಾಮಯ್ಯ. "ಮಾಮೂಲಿ ತಾನೆ? ಒಂದು ಕೆಜಿ, ಚರ್ಮ ತೆಗ್ದು?"

ಸ್ವಾಮಿಯವರು ತಿರುಗಿ ನೋಡಿದರು. ಹೆಲ್ಮೆಟ್ಟಿನ ಗಾಜಿನ ಹಿಂದೆ ಅವರ ಬೀಗರು, ಮಗಳನ್ನು ಕೊಟ್ಟ ಮನೆಯ ಯಜಮಾನರು, ಅಮೃತೇಶ್ ಇದ್ದರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಎದ್ದು ಕಾಣುತ್ತಿತ್ತು.

ಅಮೃತೇಶ್ ಚೀಲವನ್ನು ಬೆನ್ನ ಹಿಂದೆ ಸರಿಸಿದರು.

"ಪಕ್ಕದ ಮನೆಯವರದ್ದು... ಹುಡುಕ್ತಾ ಬಂದೆ," ಎಂದರು ಮಹಾದೇವಸ್ವಾಮಿ.

"ನಾನೂ ಅಷ್ಟೇ ಬೀಗ್ರೇ. ನಾಯಿಗೆ ಅಂತ," ಎಂದರು ಅಮೃತೇಶ್.

"ನಿಮ್ಮನೇಲಿ ನಾಯಿ ಇಲ್ವಲ್ಲ?"

"ತರಬೇಕು ಅಂತಿದೀವಿ."

ಚಾಮಯ್ಯ ಕೈಯಲ್ಲಿ ಕತ್ತಿ ಹಿಡಿದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. "ಈಗ ಕತ್ತರಿಸ್ಲಾ ಬ್ಯಾಡ್ವಾ ಸಾ?" ಎಂದ. ಅಮೃತೇಶ್ ಸ್ಕೂಟರ್ ಹತ್ತಿ, ಹಬ್ಬಕ್ಕೆ ತಪ್ಪದೆ ಮನೆಗೆ ಬರಬೇಕೆಂದು ಬೀಗರನ್ನು ಕರೆದು, ಖಾಲಿ ಚೀಲದೊಂದಿಗೇ ಹೊರಟುಹೋದರು.

ಮಹಾದೇವಸ್ವಾಮಿ ಮನೆಗೆ ಬಂದಾಗ ಗುರುಸಿದ್ದಮ್ಮ ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ ಹಿಡಿದು ಬಚ್ಚಲುಮನೆಗೆ ಹೋಗುತ್ತಿದ್ದರು. ಬಚ್ಚಲಿಗೆ ಅಕ್ಕಿ ಯಾಕೆಂದು ಅವರು ಹಿಂದೆಯೇ ಹೋದರು. ಸೋಲಾರ್ ಹಾಕಿಸಿದ ಮೇಲೆ ಸ್ನಾನವೆಲ್ಲ ಒಳಗಿನ ಬಾತ್‌ರೂಮಿನಲ್ಲಿ, ಹಿತ್ತಲ ಕಡೆಯ ಈ ಬಚ್ಚಲಿನ ಹಂಡೆ ಒಲೆ ಹಚ್ಚುವುದು ನಿಂತಿತ್ತು. ಆ ಒಲೆಯ ಹೊಟ್ಟೆಯಲ್ಲಿ, ಹಳೆಯ ಬೂದಿಯ ಮೇಲೆ, ಹುರಳಿ ಮೈ ಉಬ್ಬಿಸಿ ಕೂತಿದ್ದಳು. ಸ್ವಾಮಿಯವರನ್ನು ಕಂಡು "ಕುರ್ರ್" ಎಂದಳು.

"ಕಾವಿಗೆ ಕೂತವಳೆ," ಎಂದರು ಗುರುಸಿದ್ದಮ್ಮ. "ಎಷ್ಟೋ ದಿನದಿಂದ ನಿಮ್ಮ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಲ್ಲಿ ಬಂದು ಮೊಟ್ಟೆ ಇಟ್ಟು ಹೋಗ್ತಿದ್ಲು. ಅವಳ ಹಿಂದೆ ಉಳಿದವೂ ಬಂದು ಇಡ್ತಿದ್ವು. ನಿನ್ನೆ ಬಂದೋಳು ಏಳಲೇ ಇಲ್ಲ."

"ನಾನು ನಿನ್ನೆಯಿಂದ ಬೀದಿ ಬೀದಿ ಅಲೀತಾ ಇದೀನಿ! ಎಂತೆಂಥಾ ಕಡೆಗೆಲ್ಲ ಹೋಗಿ ಬಂದೆ ಗೊತ್ತಾ? ಹೇಳಬಾರದಾಗಿತ್ತಾ?"

"ಒಂದು ಪುಕ್ಕ ಒಳಗೆ ಬಂದ್ರೂ ಸುಮ್ಮನಿರಲ್ಲ ಅಂದ್ರಲ್ಲ. ನೀವು ಎಬ್ಬಿಸಿ ಓಡಿಸಿಬಿಟ್ರೆ? ಮಕ್ಕಳು ಮಾಡೋಕೆ ಕೂತ ಜೀವ."

ಸ್ವಾಮಿಯವರಿಗೆ ಬೈಯಬೇಕೆನಿಸಿತು. ಆದರೆ ಹುರಳಿ ಬದುಕಿದ್ದಾಳೆ ಎನ್ನುವ ಸಂತೋಷಕ್ಕೆ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. "ನೀರು ಇಟ್ಟಿದೀಯ?" ಎಂದಷ್ಟೇ ಕೇಳಿದರು.

ಸಂಜೆ ದೇವನೂರಿನಿಂದ ಮರಳಿದ ಇಂದ್ರಾಣಿ ವಿಷಯ ತಿಳಿದು ಗಾಬರಿಯಿಂದ ಮಕ್ಕರಿ ತಂದಳು. ಗುರುಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತರು. ಕಾವಿನ ಕೋಳಿಯನ್ನು ಜಾಗ ಬದಲಿಸಿದರೆ ಮೊಟ್ಟೆ ಕೆಡುತ್ತವೆ, ಮರಿ ಆಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ ಎಂದರು. ಆ ವಾರವೇ ಜಗನ್ ಗೂಡಿನ ಜಾಲರಿ ಬಿಚ್ಚಿ ತಂದು ಕೊತ್ತಂಬರಿ ಮಡಿಯ ಸುತ್ತ ಕಟ್ಟಿದ. ಕೋಳಿಗಳು ಹೊರಗೆ, ಕೊತ್ತಂಬರಿ ಒಳಗೆ. ಇಷ್ಟು ದಿನ ಇದು ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ಅವನು ಕೇಳಿದಾಗ ಸ್ವಾಮಿಯವರು ಕೊಡೆ ಮಡಿಸಿ ಒಳಗಿಟ್ಟರು.

ಮರಿ ಒಡೆದ ಸುದ್ದಿ ಕೇಳಿ ದೊಡ್ಡಮ್ಮ ಮೊದಲ ಬಸ್ಸಿಗೇ ಬಂದಳು. ಸ್ವಾಮಿಯವರ ಮನೆಯ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಹೋಗಲು ಹೊರಟಳು. "ಅದ್ಯಾಕೆ ಸುತ್ತು ಹಾಕ್ತೀರ? ಒಳಗಿಂದಲೇ ಬನ್ನಿ," ಎಂದು ಗುರುಸಿದ್ದಮ್ಮ ಕರೆದರು. ದೊಡ್ಡಮ್ಮ ಇಂದ್ರಾಣಿಯ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ನಡುಮನೆ ದಾಟಿ, ಅಡುಗೆಮನೆಯ ಪಕ್ಕದಿಂದಲೇ ನಡೆದು ಹೋದಳು. ಬಚ್ಚಲುಮನೆ ತಲುಪಿದ ಮೇಲೆ ಅವಳಿಗೆ ಯಾವ ಸಂಕೋಚವೂ ಉಳಿಯಲಿಲ್ಲ.

"ಯಾರವ್ವ ಮರಿಗೆ ಅನ್ನ ಇಕ್ಕಿರೋರು? ಒಟ್ಟೆ ಕೆಟ್ಟೋದದು! ನುಚ್ಚು ಇಕ್ಬೇಕು, ನುಚ್ಚು!"

ಗುರುಸಿದ್ದಮ್ಮ ತಪ್ಪಾಯಿತೆಂದು ನುಚ್ಚು ತರಲು ಓಡಿದರು. ಇಬ್ಬರೂ ಬಚ್ಚಲ ಮೆಟ್ಟಿಲಿನ ಮೇಲೆ ಪಕ್ಕಪಕ್ಕ ಕೂತು ಕಾಫಿ ಕುಡಿದರು. ಮರಿಗಳು ಅವರ ಪಾದದ ಮೇಲೆಲ್ಲ ಓಡಾಡಿದವು.

ಮಹಾದೇವಸ್ವಾಮಿ ಬಾಗಿಲಲ್ಲಿ ನಿಂತು ಕೇಳಿದರು: "ಇದರಲ್ಲಿ ಹುಂಜ ಎಷ್ಟಾಗಬಹುದಮ್ಮ?"

ದೊಡ್ಡಮ್ಮ ಒಂದೊಂದೇ ಮರಿ ಎತ್ತಿ, ತಿರುಗಿಸಿ, ಇಳಿಸಿದಳು. "ಈಗ್ಲೇ ಏಳಕ್ಕಾಗಕಿಲ್ಲ ಸಾಮಿ. ನನ್ ಲೆಕ್ಕದಲ್ಲಿ ಅರ್ದಕ್ಕರ್ದ ಉಂಜನೇಯ."

"ಅರ್ಧನಾ? ಬೆಳಿಗ್ಗೆ ಎಲ್ಲವೂ ಒಟ್ಟಿಗೆ ಕೂಗ್ತವಾ?"

"ಒಟ್ಗೆ ಯಾಕ್ ಕೂಗಾವು?" ಎಂದಳು ದೊಡ್ಡಮ್ಮ, ಸಮಾಧಾನ ಹೇಳುವ ದನಿಯಲ್ಲಿ. "ಒಂದಾದ್ಮೇಲೊಂದು ಕೂಗ್ತವೆ."