ಹಿಮ್ಮಡಿಯ ಕಪ್ಪು ಕಲೆ

ಯಶೋದಮ್ಮ ಮಂಚದ ಮೇಲೆ ಎಡಗಾಲು ಚಾಚಿ, "ಇದೇ ಡಾಕ್ಟ್ರಮ್ಮ, ಈಗ ರಕ್ತಾನೂ ಬರ್ತಾ ಇದೆ" ಎಂದಾಗ ಡಾಕ್ಟರ್ ಅನಂತಲಕ್ಷ್ಮಿಗೆ ಏನೂ ನೆನಪಾಗಲಿಲ್ಲ. ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಗಲದ ಕಪ್ಪು ಕಲೆ. ಅಂಚು ಹರಕು ಹರಕು. ನಡುವೆ ಒಂದು ಗಂಟು ಎದ್ದು ಒಸರುತ್ತಿತ್ತು. ಹಳೇ ಕಾರ್ಡು ತಿರುವಿದರೆ ಹೋದ ವರ್ಷದ ಒಂದು ಸಾಲು ಅವರದೇ ಅಕ್ಷರದಲ್ಲಿತ್ತು: ಎಡ ಹಿಮ್ಮಡಿ, ಆಣಿ. ಪ್ಲಾಸ್ಟರ್.

ಡೆಂಗಿಯ ದಿನಗಳು ಅವು. ಶ್ರೀಗಂಧದ ಕಾವಲಿನ ಆ ಪುಟ್ಟ ಕ್ಲಿನಿಕ್ಕಿನ ಮೆಟ್ಟಿಲವರೆಗೂ ಜನ. ಸೊಸೆಯ ಜ್ವರಕ್ಕೆಂದು ಬಂದಿದ್ದ ಯಶೋದಮ್ಮ ಹೊರಡುವಾಗ ಬಾಗಿಲಲ್ಲೇ ನಿಂತು ಕಾಲೆತ್ತಿ ತೋರಿಸಿದ್ದರು. ಅನಂತಲಕ್ಷ್ಮಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಹೊಲವೆಲ್ಲ ಲೇಔಟ್ ಆದರೂ ಹಸು ಸಾಕುವುದನ್ನು ಬಿಡದೆ, ಬರಿಗಾಲಲ್ಲೇ ಮನೆಮನೆಗೆ ಹಾಲು ಹಾಕುವ ಹೆಂಗಸು. ಹಿಮ್ಮಡಿಯಲ್ಲಿ ಆಣಿಯಲ್ಲದೆ ಇನ್ನೇನು ಎಂದುಕೊಂಡಿದ್ದರು.

"ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಇವತ್ತೇ ಮಾಡ್ತೀನಿ" ಎಂದರು.

ಜೊತೆಗೆ ಬಂದಿದ್ದ ಗಂಡ ಚಿಕ್ಕಣ್ಣ ಗಾಬರಿಯಾದ. "ಪ್ರಜ್ಞೆ ತಪ್ಪಿಸ್ತೀರಾ?"

"ಇಲ್ಲ, ಪಾದ ಮಾತ್ರ ಮರಗಟ್ಟಿಸ್ತೀನಿ. ಇವ್ರು ಮಾತಾಡ್ತಾನೇ ಇರ್ಬಹುದು."

ಅಂಗಾಲಿಗೇ ಸೂಜಿ ಹಾಕಿದರೆ ಜೀವ ಹೋಗುವಂಥ ನೋವು. ತಾಲ್ಲೂಕು ಆಸ್ಪತ್ರೆಯ ಸರ್ಜರಿಯಲ್ಲಿ ಆರು ವರ್ಷ ದುಡಿದಿದ್ದ ಅನಂತಲಕ್ಷ್ಮಿಗೆ ಬೇರೆ ದಾರಿ ಗೊತ್ತಿತ್ತು. ಒಳಗಡೆಯ ಕಣಕಾಲುಗಂಟಿನ ಹಿಂದೆ, ನಾಡಿ ಮಿಡಿಯುವಲ್ಲಿ, ಅಂಗಾಲಿಗೆ ಹೋಗುವ ನರವಿದೆ. ಔಷಧಿಯ ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ತೀರ ಸಣ್ಣ ಸೂಜಿಯಲ್ಲಿ ಅಲ್ಲಿಗೆ ನಿಧಾನವಾಗಿ ಇಳಿಸಿದರು. ಕಾಲು ಗಂಟೆ ಕಾದು, ಹಿಮ್ಮಡಿಯನ್ನು ಸೂಜಿಮೊನೆಯಿಂದ ಮುಟ್ಟಿ ಕೇಳಿದರು. ಯಶೋದಮ್ಮನಿಗೆ ಗೊತ್ತೇ ಆಗಲಿಲ್ಲ.

ಕತ್ತರಿಸುವಾಗ ಆಕೆ ಕರು ಹಾಕಿದ ಹಸುವಿನ ಕತೆ ಹೇಳುತ್ತಿದ್ದರು. ನಡುವೆ ನಿಲ್ಲಿಸಿ, "ನೋವೇ ಇಲ್ವಲ್ರೀ! ನಿಮ್ ಕೈಗುಣ ಡಾಕ್ಟ್ರಮ್ಮ. ಬೇರೆ ಎಲ್ಲಿಗೋ ಹೋಗಿದ್ರೆ ಕೊಂದೇ ಹಾಕಿರೋರು" ಎಂದು ನಕ್ಕರು. ಅನಂತಲಕ್ಷ್ಮಿ ಹೊಲಿಗೆ ಮುಗಿಸಿ ಕಾಯಿಲೆ ಹರಡಿದೆಯೇ ಎಂದು ತೊಡೆಸಂದು ಮುಟ್ಟಿ ನೋಡಿದರು. ನಿಂಬೆಕಾಯಿ ಗಾತ್ರದ ಗಟ್ಟಿ ಗಂಟು ಕೈಗೆ ಸಿಕ್ಕಿತು.

ಹನ್ನೆರಡನೆಯ ದಿನ ರಿಪೋರ್ಟ್ ಬಂತು. ಚರ್ಮದ ಕ್ಯಾನ್ಸರು, ಆಳಕ್ಕಿಳಿದಿತ್ತು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟರು. ಸುಮ್ಮನಿದ್ದರೆ ಹೋದ ವರ್ಷದ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ.

"ಹೋದ ವರ್ಷ ನೀವು ಇದನ್ನ ತೋರಿಸಿದ್ರಿ. ನಾನು ಎದ್ದು ನೋಡ್ಲಿಲ್ಲ. ಆಣಿ ಅಂದ್ಬಿಟ್ಟೆ. ತಪ್ಪು ನಂದು."

"ಆಗ್ಲೇ ನೋಡಿದ್ರೆ?" ಯಶೋದಮ್ಮ ಕೇಳಿದರು.

"ಬಹುಶಃ ಕಲೆ ಕತ್ತರಿಸಿ ತೆಗೆದಿದ್ರೆ ಅಷ್ಟಕ್ಕೇ ಮುಗೀತಿತ್ತು."

ಚಿಕ್ಕಣ್ಣ ಎದ್ದು ಹೊರಗೆ ಹೋದ. ಯಶೋದಮ್ಮ ಬಾಗಿಲ ಕಡೆ ನೋಡಿದರು.

"ಅವ್ರಿಗೆ ಸಿಟ್ಟು ಬಂದಿದೆ. ನಂಗೂ ಬಂದಿದೆ, ಇಲ್ಲ ಅನ್ನಲ್ಲ" ಎಂದರು. "ಆದ್ರೆ ಹೊಲಿಗೆ ನೀವೇ ಬಿಚ್ಚಿ. ಇನ್ನೊಬ್ಬರ ಕೈಲಿ ಬೇಡ."

ಎರಡು ದಿನ ಬಿಟ್ಟು ಬಂದು ಹೊಲಿಗೆ ಬಿಚ್ಚಿಸಿಕೊಂಡರು.

ಆಪರೇಷನ್ ಆಯಿತು, ದುಬಾರಿ ಇಂಜೆಕ್ಷನ್‌ಗಳಾದವು. ಕಾಯಿಲೆ ಶ್ವಾಸಕೋಶಕ್ಕೆ ಹೋಯಿತು. ಮೊದಮೊದಲು ಅನಂತಲಕ್ಷ್ಮಿ ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದರು. ಚಿಕ್ಕಣ್ಣ ಕುರ್ಚಿ ಎಳೆದು ಹಾಕಿ, ಮಾತಾಡದೆ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಆ ಮೌನವನ್ನು ಎದುರಿಸಲಾಗದೆ, ಕಡೆಯ ತಿಂಗಳು ಹೋಗುವುದನ್ನೇ ನಿಲ್ಲಿಸಿದರು. ನನ್ನ ಮುಖ ನೋಡಿ ಅವರಿಗೇನು ಸಮಾಧಾನ ಎಂದು ತಮಗೆ ತಾವೇ ಹೇಳಿಕೊಂಡರು.

ಯಶೋದಮ್ಮ ಹೋದರೆಂದು ಸುದ್ದಿ ಬಂದ ಬೆಳಿಗ್ಗೆ ಕ್ಲಿನಿಕ್ಕಿಗೆ ಬೀಗ ಹಾಕಿ ನಡೆದರು. ಶಾಮಿಯಾನದೊಳಕ್ಕೆ ಕಾಲಿಡಲು ಧೈರ್ಯ ಬರಲಿಲ್ಲ. ಎದುರು ಮನೆಯ ಗೋಡೆಗೊರಗಿ ನಿಂತರು. ಚಿಕ್ಕಣ್ಣ ನೋಡಿದ. ಎಲ್ಲರನ್ನೂ ದಾಟಿಕೊಂಡು ಅವರ ಬಳಿಗೇ ಬಂದ. ಬೈಯಲಿ, ಹೊಡೆಯಲಿ ಎಂದು ಅವರು ಕಾದರು.

"ಕಡೇ ವಾರ ದಿನಾ ಕೇಳ್ತಿದ್ಲು" ಎಂದ ಅವನು. "ಡಾಕ್ಟ್ರಮ್ಮ ಬರ್ಲಿಲ್ವಾ, ಅವ್ರು ಸೂಜಿ ಹಾಕಿದ್ರೆ ನೋಯಲ್ಲ, ಕರೀರಿ ಅಂತ. ನಾನೇ ಕರೀಲಿಲ್ಲ."

ಅವನು ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಮುಖ ಒರೆಸಿಕೊಂಡು, "ಬನ್ನಿ, ಎತ್ತೋ ಹೊತ್ತಾಯ್ತು" ಎಂದು ಮುಂದೆ ನಡೆದ. ಅವರು ಹಿಂದೆ ಹೋದರು.