ಎರಡೂವರೆ ತಾಸು ತಡೆದ ಟಿವಿ

ಕಂಪನಿ ಬಸ್ಸು ಅಮರೇಶನನ್ನು ಕುವೈತಿನ ಫಿಂಟಾಸಿನಲ್ಲಿ ಇಳಿಸುವಾಗ ಸಂಜೆ ಏಳಾಗಿರುತ್ತಿತ್ತು. ಊರಲ್ಲಿ ಆಗ ಒಂಬತ್ತೂವರೆ, ಕನ್ನಡ ಧಾರಾವಾಹಿಗಳೆಲ್ಲ ಮುಗಿಯುತ್ತ ಬಂದಿರುತ್ತಿದ್ದವು. ಹೆಂಡತಿ ಸ್ವಪ್ನಾ ತನಗೆ ಬೇಕಾದದ್ದನ್ನು ಐದು ಗಂಟೆಗೇ ಇಂಟರ್ನೆಟ್ಟಿನಲ್ಲಿ ನೋಡಿ ಮುಗಿಸಿ ಅಡಿಗೆಮನೆ ಸೇರಿರುತ್ತಿದ್ದಳು. ಮಗಳು ಶ್ರುತಿ ಹೋಂವರ್ಕಿಗೆ ಕೂತಿರುತ್ತಿದ್ದಳು. ಅಮರೇಶ ಒಬ್ಬನೇ ರೊಟ್ಟಿ ಮುರಿಯುತ್ತಿದ್ದ. ಮನೆಯವರ ನಗು, ಸಿಟ್ಟು ಎಲ್ಲ ತಾನು ಬಸ್ಸಿನಲ್ಲಿ ತೂಕಡಿಸುವ ಹೊತ್ತಿಗೇ ಖರ್ಚಾಗಿ ಹೋಗುತ್ತದೆ ಎನ್ನಿಸಿ ಅವನಿಗೆ ಊಟ ಸಪ್ಪಗಾಗುತ್ತಿತ್ತು.

ದಿನವೆಲ್ಲ ಪಂಪುಗಳ ಕಂಟ್ರೋಲ್ ಪ್ಯಾನೆಲ್ ರಿಪೇರಿ ಮಾಡುವ ಕೈ ಸುಮ್ಮನಿರಲಿಲ್ಲ. ರಜೆಯ ಶುಕ್ರವಾರಗಳಲ್ಲಿ ಕೂತು ಒಂದು ಪೆಟ್ಟಿಗೆ ಮಾಡಿದ. ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಒಂದು ಹಾರ್ಡ್ ಡಿಸ್ಕು. ಊರಿನ ಚಾನೆಲ್ಲನ್ನು ಹಿಡಿದಿಟ್ಟುಕೊಂಡು ಎರಡೂವರೆ ತಾಸು ತಡೆದು ಬಿಡುವುದು ಅದರ ಕೆಲಸ. ಊರಲ್ಲಿ ಏಳೂವರೆಗೆ ಶುರುವಾದದ್ದು ಕುವೈತಿನಲ್ಲೂ ಏಳೂವರೆಗೇ ಶುರು.

ಕುವೈತ್ ಸಿಟಿಯ ಮಿರ್ಕಾಬಿನಲ್ಲಿ ಟಿವಿ, ಡಿಶ್ಶುಗಳ ಅಂಗಡಿ ನಡೆಸುವ ಉಪ್ಪಿನಂಗಡಿಯ ಹಂಝ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಐಡಿಯಾ ಒಳ್ಳೇದುಂಟು ಅಮರೇಶಣ್ಣ. ಆದ್ರೆ ಟಿವಿ ತಗೊಳ್ಳುವುದು ಗಂಡಸರು, ನೋಡುವುದು ಹೆಂಗಸರು. ಮೊದ್ಲು ನಿಮ್ಮ ಮನೆಯಲ್ಲಿ ಪಾಸಾಗ್ಲಿ. ಗುರುವಾರ ಸುಬೈದಾಳನ್ನೂ ಕರ್ಕೊಂಡು ಬರ್ತೇನೆ. ನಿಮ್ಮವರೂ ನಮ್ಮವಳೂ ಹೂಂ ಅಂದ್ರೆ ಖಲಾಸ್, ಮಾತು ಮುಗೀತು, ಅಂಗಡಿಯಲ್ಲಿ ಇಡುವಾ."

ಗುರುವಾರ ಬೆಳಿಗ್ಗೆ ಅಮರೇಶ ಹೆಂಡತಿಗೆ ತಾಕೀತು ಮಾಡಿದ. "ಇವತ್ತೊಂದಿನ ಐದಕ್ಕ ಟಿವಿ ಹಚ್ಚಬ್ಯಾಡ. ಯಾರ ಕಡೆಯಿಂದಾನೂ ಕಥಿ ಕೇಳಬ್ಯಾಡ. ಸಂಜೀಕ ಎಲ್ಲಾರೂ ಕೂಡಿ ನೋಡೂಣು."

ಸ್ವಪ್ನಾ ಏನೋ ಹೇಳಲು ಹೋದವಳು ತಡೆದು, "ಆತು ಬಿಡ್ರಿ" ಎಂದಳು.

ಸಂಜೆ ಪೆಟ್ಟಿಗೆ ಒಂದಿಷ್ಟೂ ತಕರಾರು ಮಾಡಲಿಲ್ಲ. ಹಂಝ, ಅವನ ಹೆಂಡತಿ ಸುಬೈದಾ, ಶ್ರುತಿ ಎಲ್ಲ ತಟ್ಟೆ ಹಿಡಿದು ಸಾಲಾಗಿ ಕೂತರು. ಟಿವಿಯಲ್ಲಿ ನಾಯಕಿಯ ತಂಗಿಯ ಮದುವೆ, ಪುರೋಹಿತರು ಗಡಿಬಿಡಿಯಲ್ಲಿದ್ದರು. ಮಗಳ ಮೊಣಕೈ ತನ್ನ ತೊಡೆಯ ಮೇಲೆ ಊರಿರುವುದು ಅಮರೇಶನಿಗೆ ಹಬ್ಬದ ಹಾಗಿತ್ತು. ಹೆಂಡತಿಯ ಮುಖ ನೋಡಲು ತಿರುಗಿದ. ಅವಳು ಟಿವಿ ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ಫೋನು ಮಿನುಗಿತು, ಅವಳು ಅದನ್ನು ಕಟ್ ಮಾಡಿ ಬೋರಲು ಹಾಕಿದಳು.

"ಯಾಕ, ಚಿತ್ರಾ ಸರಿ ಬರವಲ್ದೇನು?"

"ಛಲೋ ಬರಾಕತ್ತೈತ್ರಿ."

"ಮತ್ತೆ ಎಂತಕ್ಕೆ ಮಾರಾಯ್ತಿ, ಡೆಂಟಿಸ್ಟ್ ಹತ್ರ ಬಂದವರ ಹಾಗೆ ಕೂತಿದ್ದೀರಿ?" ಎಂದಳು ಸುಬೈದಾ.

"ಮಮ್ಮಿ ಆಲ್ವೇಸ್ ವಾಚಸ್ ವಿತ್ ದೊಡ್ಡವ್ವ, ಆಂಟಿ," ಎಂದಳು ಶ್ರುತಿ. "ಆನ್ ಫೋನ್."

ಸ್ವಪ್ನಾ ಮಗಳನ್ನು ಗದರಿಸುವ ಹಾಗೆ ನೋಡಿ, ಆಮೇಲೆ ಗಂಡನಿಗೆ ಹೇಳಿದಳು. "ನಮ್ಮ ಜಮಖಂಡಿ ಅಕ್ಕ, ರೀ. ಅಕಿ ಅಲ್ಲಿ ಹಚ್ಚತಾಳ, ನಾ ಇಲ್ಲಿ. ಫೋನ್ ಸ್ಪೀಕರಿಗೆ ಹಾಕಿ ಮಗ್ಗಲದಾಗ ಇಟ್ಕೋತೀವಿ. ನಮ್ಮ ನೆಟ್ಟು ಒಂದೀಟು ಹಿಂದ ಬರ್ತೈತಲಾ, ಅಕಿ ಮೊದಲ ನಕ್ಕು, 'ತಡಿ, ನಿನಗೂ ಬರ್ತೈತಿ' ಅಂತಾಳ. ಇವತ್ತ ಐದರಿಂದ ಫೋನ್ ಮಾಡಾಕತ್ತಾಳ. ಎತ್ತಿದ್ರ ಕಥಿ ಹೇಳಿಬಿಡ್ತಾಳಂತ ಕಟ್ ಮಾಡೇ ಮಾಡೀನಿ. ಇನ್ನ ಅಕಿ ಅಡ್ಡಾಗೂ ಹೊತ್ತಾತು."

ತುತ್ತು ಅಮರೇಶನ ಕೈಯಲ್ಲೇ ಉಳಿಯಿತು. ತಾನು ಬಸ್ಸಿನಲ್ಲಿರುವಾಗ ಈ ಕೋಣೆಯಲ್ಲಿ ದಿನಾ ಜಮಖಂಡಿಯ ನಗು ಕೇಳಿಸುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಯಾವತ್ತೂ ವಿಚಾರಿಸಿರಲೂ ಇಲ್ಲ. ಎದ್ದು ಪೆಟ್ಟಿಗೆಯ ಗುಂಡಿ ಒತ್ತಿ ಮದುವೆಯನ್ನು ಅರ್ಧಕ್ಕೇ ನಿಲ್ಲಿಸಿದ.

"ಫೋನ್ ಹಚ್ಚು ಅಕ್ಕಗ."

ಒಂದೇ ರಿಂಗಿಗೆ ಆ ಕಡೆಯಿಂದ ದನಿ ಬಂತು. "ಎಲ್ಲಿ ಹಾಳಾಗಿ ಹೋಗಿದ್ದೆಲೇ? ಮದುವಿ ಮುರದು ಬಿತ್ತು, ನಾ ಒಬ್ಬಾಕೀನ ಕುಂತು ಅತ್ತೀನಿ."

"ಅಯ್ಯೋ, ಮುರೀತಾ?" ಸುಬೈದಾ ತಟ್ಟೆಯ ಸಮೇತ ಫೋನಿನ ಹತ್ತಿರ ಸರಿದಳು.

"ಅಕ್ಕಾರ, ತಪ್ಪು ನಂದೈತಿ," ಎಂದ ಅಮರೇಶ. "ಇಂಥಾದ್ದ ಇನ್ನೊಂದು ಪೆಟ್ಟಿಗಿ ಮಾಡಿ ಜಮಖಂಡಿಗೆ ಕಳಸ್ತೀನಿ. ಹಿಂದ ಮುಂದ ಆಗದಂಗ ಇಬ್ಬರಿಗೂ ಒಮ್ಮೆಲೇ ಬರ್ತೈತಿ."

"ಅದೇನ ಬ್ಯಾಡ್ರಿ. ನಾ ಮೊದಲ ನೋಡಬೇಕು, ಅಕಿ ಏನಾತು ಏನಾತು ಅಂತ ಬಡಕೋಬೇಕು. ಇಲ್ಲಂದ್ರ ಆ ಸುಡಗಾಡ ಧಾರಾವಾಹಿ ಯಾರು ನೋಡ್ತಾರ?"

ಹಂಝ ನಗು ತಡೆಯಲಾರದೆ ತಲೆ ಆಡಿಸಿದ. "ಅಮರೇಶಣ್ಣ, ಪೆಟ್ಟಿಗೆ ಸದ್ಯಕ್ಕೆ ನಿಮ್ಮಲ್ಲೇ ಇರ್ಲಿ. ಈ ಗಿರಾಕಿಗಳು ನಮಗೆ ಬಗ್ಗುವವರಲ್ಲ."

"ನೀವು ಸುಮ್ನಿರಿ," ಎಂದಳು ಸುಬೈದಾ ಗಂಡನಿಗೆ. "ಅಕ್ಕಾ, ಮದುವೆ ಮುರಿದದ್ದು ಯಾರು ಹೇಳಿ."

"ಬುಡದಿಂದ ಹೇಳ್ಲೇನು?" ಜಮಖಂಡಿಯಲ್ಲಿ ಅಕ್ಕ ಹಾಸಿಗೆಯ ಮೇಲೆ ಎದ್ದು ಸರಿಯಾಗಿ ಕೂತ ಸಪ್ಪಳವಾಯಿತು.

ಸ್ವಪ್ನಾ ಗಂಡನ ಮುಖ ನೋಡಿದಳು. ಅವನು ಅವಳ ಕೈಯಿಂದ ಫೋನು ತೆಗೆದು ತಟ್ಟೆಗಳ ನಡುವೆ ಇಟ್ಟ, ಮಗಳನ್ನು ಪಕ್ಕಕ್ಕೆ ಎಳೆದುಕೊಂಡ.

"ಹೇಳ್ರಿ ಅಕ್ಕಾರ. ಇವತ್ತ ನಾನೂ ಮನ್ಯಾಗ ಅದೀನಿ."