ಫಕೀರಪ್ಪನ ಮುಂದಿನ ಹಲ್ಲು

ನಾನು ನಾಲ್ಕು ಹಲ್ಲಿನ ಒಂದು ಸೆಟ್ಟು. ಗದಗಿನ ಸಣ್ಣ ದವಾಖಾನೆಯೊಂದರಲ್ಲಿ ಗುಲಾಬಿ ಬಣ್ಣದ ಒಸಡಿನ ಮೇಲೆ ಹಲ್ಲು ಕೂರಿಸಿ, ತಿಕ್ಕಿ ಮೆರುಗು ಕೊಟ್ಟು ನನ್ನನ್ನು ಮಾಡಿದರು. ಅಲ್ಲಿಂದ ಫಕೀರಪ್ಪನ ಮೇಲ್ದವಡೆಗೆ ಸೇರಿದೆ. ಮದುವೆ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವವನಿಗೆ ಮುಂದಿನ ಹಲ್ಲಿಲ್ಲದಿದ್ದರೆ ಉಸಿರೆಲ್ಲ ಪೋಲು. ನನ್ನನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತವನು ನಕ್ಕಿದ್ದೇ ನಕ್ಕಿದ್ದು.

ಆದರೆ ಆ ಬಾಯೊಳಗೆ ನನಗೆ ನೆಮ್ಮದಿ ಇರಲಿಲ್ಲ. ಉಳಿದ ಹಲ್ಲುಗಳ ಬುಡದಲ್ಲಿ ಕೀವು. ಒಸಡು ಮುಟ್ಟಿದರೆ ರಕ್ತ. "ವಯಸ್ಸಾತು, ಹಲ್ಲು ಅಲ್ಲಾಡ್ತಾವು. ಅದಕ್ಯಾಕ ದವಾಖಾನಿ?" ಎನ್ನುತ್ತ ಲವಂಗ ಕಚ್ಚಿಕೊಂಡೇ ಅವನು ವರ್ಷಗಳನ್ನು ತಳ್ಳಿದ.

ಆಮೇಲೆ ಮರೆವು ಬಂತು. ಒಂದು ಮದುವೆಯಲ್ಲಿ ಅರ್ಧ ಹಾಡಿಗೇ ನಿಂತುಬಿಟ್ಟ. ಡೋಲಿನವರು ಕಾದರು. ಇವನು ಕ್ಲಾರ್ನೆಟ್ಟನ್ನು ಯಾರದೋ ವಸ್ತುವೆಂಬಂತೆ ತಿರುಗಿಸಿ ನೋಡುತ್ತಿದ್ದ. ನನ್ನನ್ನೂ ಕಂಡಕಂಡಲ್ಲಿ ಬಿಡತೊಡಗಿದ, ಜೋಳದ ಡಬ್ಬಿಯಲ್ಲಿ, ಚಪ್ಪಲಿಯಲ್ಲಿ. ಮಗಳು ಕಸ್ತೂರಿ ಹುಡುಕಿ ಹುಡುಕಿ ಸುಸ್ತಾದಳು. ಗಂಡ ತೀರಿದ ಮೇಲೆ ತಂದೆಯ ಜೊತೆಗಿದ್ದು ಬಟ್ಟೆ ಹೊಲಿಯುತ್ತಿದ್ದವಳು ಅವಳು. "ಯವ್ವಾ, ನೀ ಯಾರ ಪೈಕಿ?" ಎಂದು ಅವನು ಕೇಳಿದಾಗ ಹೊಲಿಗೆಯಿಂದ ಎದ್ದವಳು ಮತ್ತೆ ಕೂರಲಿಲ್ಲ; ಒಳಗೂ ಹೊರಗೂ ತಿರುಗಾಡಿದಳು.

ಕಸ್ತೂರಿ ಕರೆದೊಯ್ದಾಗ ಮೆದುಳಿನ ಡಾಕ್ಟರು ಇದು ಡಿಮೆನ್ಶಿಯಾ, ಮರೆವಿನ ರೋಗ ಎಂದರು. ಅವನ ಬಾಯಿ ನೋಡಿದವರೇ, ಹಲ್ಲಿನ ಡಾಕ್ಟರಿಗೂ ತೋರಿಸಿ ಎಂದು ಕಳಿಸಿದರು. ಹಲ್ಲಿನ ಡಾಕ್ಟರು ನಸೀಮಾ ನನ್ನನ್ನು ತೆಗೆದು ತಟ್ಟೆಯಲ್ಲಿಟ್ಟರು.

"ಮೇಡಂ, ಈ ಕೀವಿಗೂ ಮರೆವಿಗೂ ಸಂಬಂಧ ಐತೇನ್ರಿ? ಪೇಪರಿನ್ಯಾಗ ಓದಿದ್ದೆ."

"ಇರಬಹುದು ಅಂತಾರ. ಮರೆವಿನ ರೋಗದವರ ಮೆದುಳಿನ್ಯಾಗ ಒಸಡಿನ ಬ್ಯಾಕ್ಟೀರಿಯಾದ ಗುರುತು ಸಿಕ್ಕಾವ. ಅದರಿಂದನ ಮರೆವು ಬಂತೋ, ಮರೆವು ಬಂದು ಹಲ್ಲು ತಿಕ್ಕೂದು ಬಿಟ್ಟಿದ್ದಕ್ಕ ಒಸಡು ಕೆಟ್ಟಿತೋ, ಯಾರಿಗೂ ಖಾತ್ರಿ ಇಲ್ಲ."

"ನಾ ಮೊದಲ ಕರಕೊಂಡು ಬಂದಿದ್ರ?"

"ಗೊತ್ತಿಲ್ಲ ಕಸ್ತೂರೆವ್ವ. ಸುಳ್ಳು ಹೇಳಂಗಿಲ್ಲ. ನೋವಂತೂ ಹೋಗತೈತಿ."

ಆ 'ಗೊತ್ತಿಲ್ಲ' ಅವಳನ್ನು ಕೊರೆಯತೊಡಗಿತು. ಕೆಟ್ಟ ಹಲ್ಲು ಕಿತ್ತರು, ಒಸಡು ಮಾಯಿತು. ಫಕೀರಪ್ಪ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಹೊಟ್ಟೆತುಂಬ ಉಂಡ, ಸಿಡುಕುವುದು ಬಿಟ್ಟ. ಮಗಳ ಹೆಸರು ಮಾತ್ರ ಮರಳಲಿಲ್ಲ.

ಆಸರೆಯ ಹಲ್ಲು ಹೋದದ್ದರಿಂದ ಈಗ ನಾನು ಅವನ ಬಾಯಲ್ಲಿ ಕೂರುವುದಿಲ್ಲ. ಕಸ್ತೂರಿಯ ಕೈಚೀಲದೊಳಗೆ ಡಬ್ಬಿಯಲ್ಲಿ ಬಿದ್ದಿದ್ದೇನೆ. ಅಷ್ಟು ವರ್ಷ ಆ ಬಾಯಲ್ಲೇ ಇದ್ದೆ; ರೋಗ ಎಲ್ಲಿಂದ ಹೊರಟಿತೆಂದು ನನಗೂ ತಿಳಿಯದು.

ಮೊನ್ನೆ ಕಸ್ತೂರಿ ಹಲ್ಲು ತಿಕ್ಕಿ ಉಗುಳಿದಾಗ ನೀರು ಕೆಂಪಾಗಿತ್ತು. ಅಪ್ಪನಿಗೂ ಶುರುವಾದದ್ದು ಹೀಗೆಯೇ ಅಲ್ಲವೇ ಎಂದುಕೊಂಡಳು. ತಂದೆಯೊಬ್ಬನನ್ನೇ ಬಿಡಲಾಗದೆ ಜೊತೆಗೇ ಕರೆದುಕೊಂಡು ನಸೀಮಾ ಅವರಲ್ಲಿಗೆ ಓಡಿದಳು. ಕುರ್ಚಿಯಲ್ಲಿ ಕೂತವಳು ಬಾಯಿ ತೆರೆಯಲೊಲ್ಲಳು. ಪಕ್ಕದ ಸ್ಟೂಲಿನಿಂದ ಫಕೀರಪ್ಪ ಬಗ್ಗಿ ಅವಳ ಕೈ ಹಿಡಿದ.

"ಯಾರ ಮಗಳೋ ಏನೋ. ಅಂಜಬ್ಯಾಡ ಕೂಸ, ನಾ ಇಲ್ಲೇ ಕುಂತೀನಿ."

ಕಸ್ತೂರಿ ಆ ಕೈ ಬಿಡದೆ ಬಾಯಿ ತೆರೆದಳು.